ಹೊಲ ಕೇಳಲು ಬಂದ ಅಕ್ಕ

ಕಾವೇರಿ ದಂಡೆಯ ಆ ಪುಟ್ಟ ಆಶ್ರಮಕ್ಕೆ ಚೌರಪ್ಪ ಸೇರಿ ಮೂರು ವರ್ಷವಾಗಿತ್ತು. ಬೈಬಲ್ಲನ್ನು ಅರೆದು ಕುಡಿದಿದ್ದ. ಬರುವ ಭಾನುವಾರ, ತನ್ನದೆಂದು ಏನನ್ನೂ ಇಟ್ಟುಕೊಳ್ಳದ ಬಡತನದ ವ್ರತ ಕೈಗೊಳ್ಳುವವನಿದ್ದ.

ಅಷ್ಟರಲ್ಲಿ ಅಕ್ಕ ಲೂರ್ದಮ್ಮ ಊರಿನಿಂದ ಬಂದಳು. ಅಪ್ಪ ತೀರಿಕೊಂಡು ತಿಂಗಳಾಗಿತ್ತು. ಹೊಲದಲ್ಲಿ ತನಗೂ ಪಾಲು ಬೇಕೆಂದಳು.

ಆಗುವುದಿಲ್ಲವೆಂದು ಹೇಳಿ, ಅವಳನ್ನು ಜಗುಲಿಯಲ್ಲೇ ಬಿಟ್ಟು, ಚೌರಪ್ಪ ಗುರು ಇನ್ನಾಸಪ್ಪನವರ ಬಳಿ ಹೋದ. ಅವರು ಅವರೆಕಾಯಿ ಸುಲಿಯುತ್ತಿದ್ದರು.

“ಸ್ವಾಮಿ, ಅಕ್ಕ ಬಂದು ಅಪ್ಪನ ಹೊಲದಲ್ಲಿ ಪಾಲು ಕೇಳಿದಳು, ಆಗಲ್ಲ ಅಂದೆ. ಆ ಹೊಲ ಆಶ್ರಮಕ್ಕೆ ಬರೆದುಕೊಡ್ತೀನಿ. ಮೋಶೆಯ ಕಾನೂನಿನಲ್ಲಿ ಮಗನಿದ್ದರೆ ಮಗಳಿಗೆ ಪಾಲಿಲ್ಲ ಅಲ್ವಾ?”

“ಹೊಲ ನೋಡಿಕೊಳ್ತಿದ್ದದ್ದು ಯಾರು?”

“ಅಪ್ಪ ಹಾಸಿಗೆ ಹಿಡಿದ ಮೇಲೆ ಅಕ್ಕನೇ. ಏಳು ವರ್ಷ.”

“ಹೂಂ. ಆ ಕಾನೂನು ಹುಟ್ಟಿದ್ದು ಹೇಗೆ?”

ಚೌರಪ್ಪನಿಗೆ ಅದು ಬಾಯಿಪಾಠ. “ಗಂಡುಮಕ್ಕಳಿಲ್ಲದೆ ಸತ್ತವನೊಬ್ಬನ ಐದು ಜನ ಹೆಣ್ಣುಮಕ್ಕಳು ಮೋಶೆಯ ಎದುರು ನಿಂತು, ಅಪ್ಪನ ಪಾಲು ನಮಗೆ ಕೊಡಿ ಅಂದರು.”

“ಮೋಶೆ ಏನಂದ?”

“ತಾನಾಗಿ ಏನೂ ಹೇಳಲಿಲ್ಲ. ದೇವರನ್ನ ಕೇಳೋಕೆ ಹೋದ. ಅವರು ಕೇಳೋದು ನ್ಯಾಯ ಅಂದರು ದೇವರು.”

“ಅಂಥಾ ಮೋಶೆಯೇ ಕೇಳೋಕೆ ಹೋದ. ನೀನು?”

ಚೌರಪ್ಪ ತಲೆ ತಗ್ಗಿಸಿದ. ಆದರೂ ಹಟ ಬಿಡಲಿಲ್ಲ. “ಅವರಿಗೆ ತಮ್ಮ ಇರಲಿಲ್ಲ, ಸ್ವಾಮಿ. ಅಕ್ಕನಿಗೆ ನಾನಿದ್ದೀನಿ.”

“ಇದ್ದೀಯಾ?”

ಅಪ್ಪನಿಗೆ ಒಂದು ದಿನವೂ ಗಂಜಿ ಕುಡಿಸದ ತನ್ನ ಕೈ ನೋಡಿ ಚೌರಪ್ಪನಿಗೆ ನಾಚಿಕೆಯಾಯಿತು.

ಇನ್ನಾಸಪ್ಪನವರು ಇನ್ನೊಂದು ಕಾಯಿ ಕೈಗೆತ್ತಿಕೊಂಡರು. “ಮೋಶೆಯ ಜನ ನಾಡು ಹಂಚಿಕೊಂಡಾಗ, ಪೂಜೆಗೆಂದು ನಿಂತ ಲೇವಿ ಕುಲದವರಿಗೆ ಎಷ್ಟು ಹೊಲ ಸಿಕ್ಕಿತು?”

“ಅವರಿಗೆ ಪಾಲೇ ಇಲ್ಲ. ದೇವರೇ ಅವರ ಪಾಲು.” ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು.

“ಇದನ್ನೂ ಹೇಳು. ಚರ್ಚಿನಲ್ಲಿ ಜ್ಞಾನಸ್ನಾನ ಕೊಟ್ಟ ದಿನ ನಿನ್ನ ತಲೆಗೆ ಪೂರ್ತಿ ನೀರು ಹಾಕಿ, ಅಕ್ಕನ ತಲೆಗೆ ಅರ್ಧ ಹಾಕಿದರೇನು?”

ಚೌರಪ್ಪನಿಗೆ ನಗು ಬಂತು, ಕಣ್ಣೂ ತುಂಬಿತು. “ಇಲ್ಲ, ಸ್ವಾಮಿ. ಪರಲೋಕದ ತಂದೆಯ ಮನೆಗೆ ಇಬ್ಬರೂ ವಾರಸುದಾರರೇ.”

ತಾನೂ ಒಂದು ಅವರೆಕಾಯಿ ಎತ್ತಿಕೊಂಡು ಸುಲಿಯುತ್ತ ಹೇಳಿದ. “ಹೊಲ ಪೂರ್ತಿ ಅಕ್ಕನಿಗೇ ಬರೆದುಕೊಡ್ತೀನಿ.”

ಎದೆ ಹಗುರಾಯಿತು. ಆದರೂ ಎಲ್ಲೋ ಒಂದು ಕಡೆ ಸಂಕಟ. “ಇನ್ನು ಅಪ್ಪನದು ಅಂತ ನನಗೆ ಏನೂ ಉಳಿಯಲಿಲ್ಲ, ಸ್ವಾಮಿ.”

“ಉಳಿದಿದ್ದಾಳಲ್ಲೋ. ಹೋಗು, ಊಟಕ್ಕೆ ಕರ್ಕೊಂಡು ಬಾ.”