ಎರಡನೇ ಗುಂಡಿಗೆ ಕಾದ ಅಜ್ಜ

ಕೂತ್ಕೊಳ್ಳಿ, ಹೇಳ್ತೀನಿ. ನಗು ಬಂದರೆ ನಗಿ. ಬಾರದಿದ್ದರೆ ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದಾನೆ ಅಂತ ಅರ್ಥ.

ಕೊಡಗಿನ ಒಂದು ಊರಿನಲ್ಲಿ ಚೋಂದವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಉತ್ತಯ್ಯ. ಆಳು ಆರಡಿ, ಮೀಸೆ ಗೇಣುದ್ದ, ಬುದ್ಧಿ ಮಾತ್ರ ಬೆರಳುದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕಷ್ಟ. "ದೇವರೇ, ಇವನು ಒಂದು ದಿನವಾದರೂ ನನ್ನ ಮಾತು ಮೀರಬಾರದೇ!" ಅಂತ ದಿನಾ ಕೈ ಮುಗಿಯುವಳು.

ಮನೆಯಲ್ಲಿ ಮೂರನೆಯವರು ಚೋಂದವ್ವನ ಮಾವ, ಮುದ್ದಪ್ಪಜ್ಜ. ವಯಸ್ಸು ತೊಂಬತ್ತಮೂರು. ಮಂಚ ಹಿಡಿದು ಆರು ತಿಂಗಳಾಗಿತ್ತು. ಸಾಯೋದಕ್ಕೆ ಸಿದ್ಧವಾಗಿದ್ದರು, ಆದರೆ ಸಾಯೋ ಹಾಗಿರಲಿಲ್ಲ. ಯಾಕೆ? ಕೋವಿಯ ದೆಸೆಯಿಂದ!

ಆ ಊರಿನ ಕಟ್ಟಳೆ ಹಾಗಿತ್ತು. ಮನೆಯಲ್ಲಿ ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು. ಯಾರಾದರೂ ಸತ್ತರೆ ಬೆನ್ನು ಬೆನ್ನಿಗೆ ಎರಡು ಗುಂಡು. ಓಲೆ ಬೇಡ, ಫೋನು ಬೇಡ, ಊರೆಲ್ಲ ಎಣಿಸಿಕೊಳ್ಳುತ್ತಿತ್ತು.

ಮನೆಯ ಹಳೇ ಕೋವಿ ತುಕ್ಕು ಹಿಡಿದು ಸತ್ತಿತ್ತು. ಚೋಂದವ್ವನ ತಮ್ಮ ಪಟ್ಟಣದಿಂದ ಹೊಸ ಸೆಮಿ ಆಟೋಮ್ಯಾಟಿಕ್ ರೈಫಲ್ ತಂದುಕೊಟ್ಟ. "ಇದು ಹಳೇ ಕಾಲದ್ದಲ್ಲ ಅಕ್ಕಾ! ಒಂದು ಹಾರಿದ ಮೇಲೆ ಖಾಲಿ ತೋಟೆ ತಾನೇ ಆಚೆ ಬೀಳುತ್ತೆ, ಮುಂದಿನದು ತಾನೇ ಒಳಗೆ ಬಂದು ಕೂರುತ್ತೆ. ಟ್ರಿಗರ್ ಒತ್ತೋದಷ್ಟೇ ಕೆಲಸ!" ಅಂದ. ಊರಿಗೆ ಕೇಳಿಸದ ಹಾಗೆ ಉತ್ತಯ್ಯ ದೂರ ಹೊಳೆಯಾಚೆ ಹೋಗಿ ಹೊಡೆದು ನೋಡಿದರೆ, ಮೊದಲನೇದು ಢಂ! ಎರಡನೇದು ಟಿಕ್. ಖಾಲಿ ತೋಟೆ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಕೊಂಡು ಕೂತಿತು.

ಸುದ್ದಿ ಕೇಳಿ ಅಜ್ಜ ಎದೆ ಬಡಿದುಕೊಂಡರು. "ಅಯ್ಯೋ! ನಾನು ಸತ್ತ ದಿನ ಇದು ಒಂದೇ ಹೊಡೆದು ನಿಂತರೆ? ಊರವರು ಮಗು ಹುಟ್ಟಿತು ಅಂತ ಸಕ್ಕರೆ ಹಂಚ್ತಾರೆ! ಹೆಣ ಎತ್ತೋಕೆ ಯಾರು ಬರ್ತಾರೆ? ಚೋಂದವ್ವಾ, ಇದು ಎರಡು ಹೊಡೆಯೋ ತನಕ ನಾನು ಸಾಯೋದಿಲ್ಲ!"

ಪಾಪ, ಮುದುಕನ ಭಯ ಸುಳ್ಳಲ್ಲ. ತೊಂಬತ್ತಮೂರು ವರ್ಷ ಮರ್ಯಾದೆಯಿಂದ ಬಾಳಿದವರು ನಗೆಪಾಟಲಾಗಿ ಹೋಗಬೇಕೇ? ಚೋಂದವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗನನ್ನು ಕರೆದಳು. "ಉತ್ತಯ್ಯಾ, ಪೇಟೆಯಲ್ಲಿ ಕೋವಿ ರಿಪೇರಿ ಮಾಡೋ ಉಸ್ಮಾನ್ ಮೇಸ್ತ್ರಿ ಹತ್ತಿರ ಇದನ್ನ ತೋರಿಸು. ಅವರು ಏನು ಹೇಳ್ತಾರೋ ಹಾಗೇ ಮಾಡು." ಹೇಳಿ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಮಗ ಗೇಟು ದಾಟಿದ್ದ.

ಮೇಸ್ತ್ರಿ ಕೋವಿಯ ಹೊಟ್ಟೆ ಬಿಚ್ಚಿ ಮೂಸಿದರು. "ಕಾರ್ಖಾನೆಯ ಜಿಡ್ಡು ಹಾಗೇ ಇದೆಯಲ್ಲೋ! ಹೊಸದು ಮನೆಗೆ ಬಂದ ಕೂಡಲೇ ಜಿಡ್ಡೆಲ್ಲ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಬೇಕು. ತಿಳೀತಾ?"

"ತಿಳೀತು!" ಅಂದ ಉತ್ತಯ್ಯ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಏನಿತ್ತು? ಆಗ ತಾನೇ ತಂದ ಎರಡು ಕಿಲೋ ಹಂದಿಮಾಂಸ. ಹೊಸದು! ಮನೆಗೆ ಬಂದಿದೆ! ಮೇಲೆ ಬೆರಳು ದಪ್ಪ ಕೊಬ್ಬು! ಉತ್ತಯ್ಯ ಕತ್ತಿ ತೆಗೆದುಕೊಂಡು ಕೊಬ್ಬೆಲ್ಲ ಕೆರೆದ, ಸೀಮೆಎಣ್ಣೆಯಲ್ಲಿ ತೊಳೆದ, ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟ. ನಾಯಿ ಬಂತು, ಮೂಸಿತು, ಸೀನುತ್ತಾ ಓಡಿತು.

"ಹಾಳಾದವನೇ! ಪಂದಿಕರಿ ಹೋಯಿತಲ್ಲೋ!" ಚೋಂದವ್ವ ಸೌಟು ಹಿಡಿದು ಬಂದಳು. "ಜಿಡ್ಡು ತೆಗೀಬೇಕಾದ್ದು ಕೋವಿಯದ್ದು!"

"ಮೊದಲೇ ಹೇಳಬಾರದಾ ಅವ್ವಾ!" ಅಂದ ಉತ್ತಯ್ಯ. ಕೋವಿಯನ್ನೂ ತೊಳೆದ, ಒರೆಸಿದ. ಎಷ್ಟು ಒರೆಸಿದ? ಎಲುಬು ಒಣಗೋ ಹಾಗೆ ಒರೆಸಿದ. ಮೇಸ್ತ್ರಿಯ ಹಿತ್ತಲಿನ ಮಣ್ಣುಗೋಡೆಗೆ ಹೊಡೆದು ನೋಡಿದರೆ, ಮೊದಲನೇದು ಢಂ! ಎರಡನೇದು ಟಿಕ್.

"ಒಂದು ತೊಟ್ಟು ಎಣ್ಣೆಯೂ ಬಿಟ್ಟಿಲ್ಲವಲ್ಲೋ!" ಮೇಸ್ತ್ರಿ ಹಣೆ ಚಚ್ಚಿಕೊಂಡರು. "ಹಿಂದಕ್ಕೂ ಮುಂದಕ್ಕೂ ಓಡಾಡೋದು ಏನಿದೆಯೋ, ಅದರ ದಾರಿಗೆ ಎಣ್ಣೆ ಸವರಬೇಕು. ಆಗ ತಡೆಯಿಲ್ಲದೆ ಸರಾಗ ಓಡಾಡುತ್ತೆ. ತಿಳೀತಾ?"

"ತಿಳೀತು!"

ಮನೆಗೆ ಬಂದು ಉತ್ತಯ್ಯ ಜಗಲಿಯಲ್ಲಿ ಕೂತು ನೋಡಿದ. ಈ ಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡೋದು ಯಾವುದು? ಅವ್ವ! ಅಡುಗೆಮನೆಯಿಂದ ಅಜ್ಜನ ಕೋಣೆಗೆ, ಅಜ್ಜನ ಕೋಣೆಯಿಂದ ಅಡುಗೆಮನೆಗೆ. ಪಾಪ, ಕಾಲು ಎಳೆಯುತ್ತಾ ಓಡಾಡ್ತಾಳೆ. ಮಗನ ಕರುಳು ಚುರ್ ಅಂದಿತು. ಡಬ್ಬಿಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನೆಲ್ಲ ಸುರಿದು, ಅಡುಗೆಮನೆಯಿಂದ ಅಜ್ಜನ ಮಂಚದ ತನಕ ಹಸನಾಗಿ ಸವರಿದ.

ಚೋಂದವ್ವ ಗಂಜಿಬಟ್ಟಲು ಹಿಡಿದು ಒಂದು ಹೆಜ್ಜೆ ಇಟ್ಟಳು. ಎರಡನೇ ಹೆಜ್ಜೆ ಇಡಲಿಲ್ಲ. ಇಡಬೇಕಾಗಲೂ ಇಲ್ಲ. ಸುಂಯ್ ಅಂತ ಜಾರಿ ಸೀದಾ ಮಂಚದ ಕಾಲಿಗೆ ಬಂದು ನಿಂತಳು.

"ಇವತ್ತು ಗಂಜಿ ಬೇಗ ಬಂತು!" ಅಂದರು ಅಜ್ಜ.

"ಒಂಬತ್ತು ತಿಂಗಳು ನಿನ್ನ ಹೊಟ್ಟೆಯಲ್ಲಿ ಇದ್ದದ್ದಕ್ಕೆ ಇದೇ ಏನೋ ಸಂಬಳ!" ಸೊಂಟ ಹಿಡಿದು ಮಗನ ಮೇಲೆ ಕೂಗಿದಳು ಚೋಂದವ್ವ. ಸಿಟ್ಟಿನಲ್ಲಿ ಯಾರು ಯಾರ ಹೊಟ್ಟೆಯಲ್ಲಿದ್ದರು ಅನ್ನೋದೇ ಮರೆತುಹೋಗಿತ್ತು. "ಎಣ್ಣೆ ಹಾಕಬೇಕಾದ್ದು ಕೋವಿಗೆ, ನನ್ನ ಕಾಲಡಿಗಲ್ಲ!"

ಕೋವಿಗೂ ಎಣ್ಣೆ ಬಿತ್ತು. ಮತ್ತೆ ಮೇಸ್ತ್ರಿಯ ಹಿತ್ತಲು. ಮೊದಲನೇದು ಢಂ! ಎರಡನೇದು ಟಿಕ್.

ಈ ಸಲ ಮೇಸ್ತ್ರಿ ಉತ್ತಯ್ಯನ ಕೈಯನ್ನೇ ನೋಡುತ್ತಿದ್ದರು. "ಈಗ ಗೊತ್ತಾಯಿತು! ತೋಟೆ ತುಂಬೋವಾಗ ಕೋವಿಯ ಪಕ್ಕದ ಹಿಡಿಯನ್ನ ಎಳೆದು, ಕೈಯಲ್ಲಿ ಹಿಡಿದುಕೊಂಡೇ ಮೆಲ್ಲ ಮುಂದಕ್ಕೆ ಬಿಡ್ತೀಯಲ್ಲ, ಅದು ತಪ್ಪು. ಪೂರ್ತಿ ಎಳೆ, ಫಟ್ಟನೆ ಕೈ ಬಿಡು. ಮುದ್ದು ಮಾಡಬೇಡ. ಅದರ ಜೋರಿಗೇ ಅದು ಹೋಗಿ ಕೂರಬೇಕು. ತಿಳೀತಾ?"

"ತಿಳೀತು! ಪೂರ್ತಿ ಎಳೆ, ಫಟ್ಟನೆ ಬಿಡು, ಮುದ್ದು ಮಾಡಬೇಡ!" ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಮನೆಗೆ ಬಂದ.

ಬಂದಾಗ ಅಜ್ಜ ಕರೆದರು. "ಬಾ ಮಗಾ, ನನ್ನ ಎತ್ತಿ ಕೂರಿಸು. ದಿಂಬು ಸರಿ ಮಾಡಿ ಒರಗಿಸು."

ಉತ್ತಯ್ಯ ಅಜ್ಜನ ಎರಡು ಕೈ ಹಿಡಿದ. ಪೂರ್ತಿ ಎಳೆದ. ಫಟ್ಟನೆ ಬಿಟ್ಟ. ಮುದ್ದು ಮಾಡಲಿಲ್ಲ.

ಧಡ್!

"ಸತ್ತೆ!" ಅಂದರು ಅಜ್ಜ. ಆಮೇಲೆ ನೆನಪಾಯಿತು. "ಇಲ್ಲ, ಸತ್ತಿಲ್ಲ! ಕೋವಿ ಇನ್ನೂ ಸರಿಯಾಗಿಲ್ಲ!"

ಚೋಂದವ್ವ ಓಡಿಬಂದಳು, ಈ ಸಲ ಗೋಡೆ ಹಿಡಿದುಕೊಂಡು. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಬಾಳು! ಮಾಂಸಕ್ಕಲ್ಲ, ನನಗಲ್ಲ, ಅಜ್ಜನಿಗಲ್ಲ! ಇನ್ನು ಮೇಲೆ ಏನು ಮಾಡಿದರೂ ಕೋವಿಗೇ ಮಾಡು. ಅದನ್ನೂ ಅಜ್ಜನ ಕಣ್ಣೆದುರಿಗೇ ಮಾಡು. ಅವರಾದರೂ ತಡೀತಾರೆ!"

ಉತ್ತಯ್ಯ ಮರುದಿನ ಬೆಳಿಗ್ಗೆ ಪೇಟೆಗೆ ಹೋದ. ಮೇಸ್ತ್ರಿ ಎದುರಿಗೇ ಹಿಡಿಯನ್ನು ಪೂರ್ತಿ ಎಳೆದು ಫಟ್ಟನೆ ಬಿಟ್ಟ. ಕಚಕ್! ಸದ್ದು ಕೇಳಿಯೇ ಮೇಸ್ತ್ರಿಯ ಮುಖ ಅರಳಿತು. "ಭೇಷ್! ಈಗ ಗೋಡೆಗೆ ಎರಡು ಹೊಡೆದು ನೋಡು."

"ಆಗೋದಿಲ್ಲ ಮೇಸ್ತ್ರಿ. ಏನು ಮಾಡಿದರೂ ಅಜ್ಜನ ಕಣ್ಣೆದುರಿಗೇ ಮಾಡಬೇಕು, ಅವ್ವ ಹೇಳಿದ್ದಾಳೆ," ಅಂದ. ತೋಟೆ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ.

ಮನೆಗೆ ಬಂದವನು ಅಜ್ಜನನ್ನು ಮಂಚದ ಸಮೇತ ಜಗಲಿಗೆ ಎಳೆದು ತಂದ. "ನೋಡಿ ಅಜ್ಜಾ!" ಅಂಗಳಕ್ಕಿಳಿದ, ತೋಟೆ ತುಂಬಿದ, ಆಕಾಶಕ್ಕೆ ಹಿಡಿದ.

ಮೊದಲನೇದು ಢಂ! ಎರಡನೇದೂ ಢಂ!

ಖಾಲಿ ತೋಟೆಗಳು ಎರಡೂ ಟಣ್ ಟಣ್ ಅಂತ ಅಂಗಳಕ್ಕೆ ಬಿದ್ದವು. ಅಜ್ಜನ ಕಣ್ಣಲ್ಲಿ ನೀರು ಬಂತು. "ಗೆದ್ದೆ ಕಣೋ ಮಗಾ! ಇನ್ನು ನಾನು ನೆಮ್ಮದಿಯಾಗಿ..." ಅಂದರು. ಮಾತು ಅಲ್ಲೇ ನಿಂತಿತು.

ಎದುರು ಗುಡ್ಡದಲ್ಲಿ ಹೆಂಗಸೊಬ್ಬಳು "ಅಯ್ಯೋ ಮುದ್ದಪ್ಪಜ್ಜಾ!" ಅಂತ ಅತ್ತಳು. ಕೆಳಗಿನ ಮನೆಯಿಂದ ನಾಲ್ಕು ಗಂಡಸರು ಗುದ್ದಲಿ ಹೊತ್ತು ಹೊರಟರು. ಕಾಫಿ ತೋಟದ ದಾರಿಯಲ್ಲಿ ಬಿಳಿಬಟ್ಟೆಗಳು ಸಾಲಾಗಿ ಮೇಲಕ್ಕೆ ಬರತೊಡಗಿದವು.

"ಲೋ ಉತ್ತಯ್ಯಾ!" ಅಜ್ಜ ಮಂಚದ ಮೇಲೆ ಎದ್ದೇ ಕೂತರು. ಆರು ತಿಂಗಳಲ್ಲಿ ಯಾರ ಕೈಯನ್ನೂ ಹಿಡಿಯದೆ ಎದ್ದು ಕೂತದ್ದು ಅದೇ ಮೊದಲು. "ನನ್ನ ಬದುಕಿದ್ದಾಗಲೇ ಹೂಳ್ತಾರಲ್ಲೋ! ನಾನು ಸತ್ತಿಲ್ಲ ಅಂತ ಊರಿಗೆ ತಿಳಿಸು! ಈಗಿಂದೀಗಲೇ!"

"ಹೇಗೆ ತಿಳಿಸಲಿ ಅಜ್ಜಾ?"

"ಸತ್ತದ್ದು ಹೇಗೆ ತಿಳಿಸಿದೆಯೋ ಹಾಗೇ ತಿಳಿಸು, ದಡ್ಡ ಮುಂಡೇದೇ!"

ಉತ್ತಯ್ಯ ತಲೆ ಕೆರೆದುಕೊಂಡ. ಸತ್ತದ್ದಕ್ಕೆ ಎರಡು. ಸಾಯದೆ ಇರೋದಕ್ಕೆ? ಕೋವಿ ಎತ್ತಿದ.

ಢಂ! ಒಂದೇ ಒಂದು.

ದಾರಿಯಲ್ಲಿ ಬರುತ್ತಿದ್ದ ಬಿಳಿಬಟ್ಟೆಗಳು ಗಕ್ಕನೆ ನಿಂತವು. ಅಲ್ಲೇ ಗುಸುಗುಸು ಎದ್ದಿತು. ಗುದ್ದಲಿಗಳು ಕೆಳಗಿಳಿದವು. ಸ್ವಲ್ಪ ಹೊತ್ತಿಗೆ ಊರ ಸೂಲಗಿತ್ತಿ ಬೊಳ್ಳವ್ವ ಎಲ್ಲರನ್ನೂ ತಳ್ಳಿಕೊಂಡು ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದಳು. ಕಂಕುಳಲ್ಲಿ ಹಳೇ ಸೀರೆಯ ಬಟ್ಟೆ, ಕೈಯಲ್ಲಿ ಜೇನಿನ ಕುಡಿಕೆ.

"ಮಗು ಎಲ್ಲಿ? ಮಗು ಎಲ್ಲಿ? ಹೇಗಿದೆ?"

ಉತ್ತಯ್ಯ ಹೆಮ್ಮೆಯಿಂದ ಮಂಚದ ಕಡೆ ಕೈ ತೋರಿಸಿದ.

"ಗಟ್ಟಿಮುಟ್ಟಾಗಿದೆ ಬೊಳ್ಳವ್ವಾ. ಆಗಲೇ ಎದ್ದು ಕೂತಿದೆ, ಬೈಯೋಕೂ ಕಲ್ತಿದೆ. ಹಲ್ಲು ಮಾತ್ರ ಒಂದೂ ಬಂದಿಲ್ಲ."