ಓಡದೆ ನಿಂತ ಚಿಗರೆಗಳು

"ಗುರುಗಳೇ, ಒಂದು ವರ್ಷವಾಯಿತು, ನನಗೆ ಒಮ್ಮೆಯೂ ಸಿಟ್ಟು ಬಂದಿಲ್ಲ. ಇನ್ನು ಮನೆಗೆ ಹೋಗಬಹುದೇ?" ಎಂದು ಕಲ್ಲಿನಾಥ ಕೇಳಿದ.

ಹೆಂಡತಿ ಚಂಬವ್ವನ ಮೇಲೆ ಕೈಮಾಡಿ, ಆ ನಾಚಿಕೆಗೆ ಮಠ ಸೇರಿದವನು ಅವನು. ಈಗ ಚಂಬವ್ವನೇ ಹೇಳಿಕಳಿಸಿದ್ದಳು: ಸಿಟ್ಟು ಬಿಟ್ಟಿದ್ದಾರಂತೆ, ಬರಲಿ. ಅವನ ಜೀವವೆಲ್ಲ ಆ ಒಂದು ಮಾತಿನಲ್ಲಿತ್ತು.

ಗುರುಗಳು ನಕ್ಕರು. "ಇಲ್ಲಿ ನಿನಗೆ ಸಿಟ್ಟು ಬರಿಸುವವರಾದರೂ ಯಾರಿದ್ದಾರಪ್ಪ! ಕೂತುಕೋ, ಕೇಳು."

ಒಬ್ಬ ಅರಸನ ಬಳಿ ಸಿವಂಗಿಯಿತ್ತು. ಸಿವಂಗಿಯೆಂದರೆ ಚಿಗರೆ ಹಿಡಿಯಲು ಪಳಗಿಸಿದ ಚಿರತೆ. ಅದು ಚಿಗರೆಯ ಕುತ್ತಿಗೆ ಹಿಡಿದಾಗ, ಅದನ್ನು ಸಾಕುತ್ತಿದ್ದ ಪಾಲಕ ಒಂದು ಮರದ ಸೌಟಿನಲ್ಲಿ ಮಾಂಸ ಒಡ್ಡುತ್ತಿದ್ದ. ಅದು ಹಿಡಿತ ಬಿಟ್ಟು ಸೌಟಿಗೆ ಬಾಯಿ ಹಾಕುತ್ತಿತ್ತು. ಒಂದು ದಿನ ಚಿಗರೆ ತಪ್ಪಿಸಿಕೊಂಡಿತು. ಸಿವಂಗಿ ಏದುಸಿರು ಬಿಡುತ್ತಾ ಬರಿಬಾಯಲ್ಲಿ ಬಂತು. ಪಾಲಕನಿಗೆ ಕರುಳು ಚುರುಕ್ಕೆಂದಿತು. ಅಂದೂ ಸೌಟು ಒಡ್ಡಿದ.

ಹಿಡಿಯದೆಯೂ ಮಾಂಸ ಸಿಕ್ಕಿತಲ್ಲ, ಆಮೇಲೆ ಅದು ಹತ್ತು ಹೆಜ್ಜೆ ಓಡಿ ತಿರುಗಿ ಬರತೊಡಗಿತು. ಚಿಗರೆಗಳೇನು ದಡ್ಡವೇ? ಅವೂ ಹತ್ತು ಹೆಜ್ಜೆ ಸರಿದು ಮೇಯತೊಡಗಿದವು. ಕೊನೆಗೆ ಅಷ್ಟೂ ಸರಿಯಲಿಲ್ಲ. ಅರಸ ನೋಡಿ ಕೈಮುಗಿದ. "ಆಹಾ, ಈ ಮೃಗ ಹಿಂಸೆಯನ್ನೇ ಬಿಟ್ಟಿದೆ! ಸರಪಳಿ ಬಿಚ್ಚಿ" ಎಂದ. ಪಾಲಕನಿಗೆ ಶಾಲು ಹೊದಿಸಿ ಮನೆಗೆ ಕಳಿಸಿದ.

"ಒಳ್ಳೆಯದೇ ಆಯಿತಲ್ಲ!" ಎಂದ ಕಲ್ಲಿನಾಥ. ಅವನ ಮುಖ ಅರಳಿತ್ತು.

"ತಡಿಯೋ ಮಾರಾಯ."

ಮೂರು ದಿನ ಯಾರೂ ಸೌಟು ಒಡ್ಡಲಿಲ್ಲ. ನಾಲ್ಕನೆಯ ದಿನ ಸಿವಂಗಿ ಓಡಿತು. ಚಿಗರೆಗಳು ಕತ್ತೆತ್ತಿ ನೋಡಿದವು, ನಿಂತಲ್ಲೇ ನಿಂತವು. ಸುದ್ದಿ ಕೇಳಿ ಪಾಲಕ ಬಂದ. ಒಂದು ತಾಯಿ ಚಿಗರೆ ಬಿದ್ದಿತ್ತು. ಅದರ ಮರಿ ಪಕ್ಕದಲ್ಲೇ ಮೇಯುತ್ತಿತ್ತು. ಓಡಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಗುರುಗಳು ಕಥೆ ಮುಗಿಸಿದರು. ಕಲ್ಲಿನಾಥನಿಗೆ ತಲೆಬುಡ ತಿಳಿಯಲಿಲ್ಲ. ಹಸಿದದ್ದು ಸಿವಂಗಿಯ ತಪ್ಪೇ? ಪಾಪ, ಅನ್ನ ಹಾಕಿದವನದೇ? ನಂಬಿದ ಚಿಗರೆಯದಂತೂ ಅಲ್ಲ, ಆದರೆ ಸತ್ತದ್ದು ಅದೇ. ತಾನು ಇದರಲ್ಲಿ ಯಾರು? ಯೋಚಿಸಿದಷ್ಟೂ ಗೋಜಲಾಯಿತು.

"ನನಗೆ ಒಂದೂ ತಿಳಿಯುತ್ತಿಲ್ಲ, ಗುರುಗಳೇ. ನಾನು ಹೋಗಲೋ, ಬೇಡವೋ? ಅಷ್ಟು ಹೇಳಿಬಿಡಿ."

"ಹೋಗು; ಆದರೆ 'ಸಿಟ್ಟು ಹೋಯಿತೆಂದು ನನ್ನನ್ನು ನಂಬಬೇಡ' ಎಂದು ಚಂಬವ್ವನಿಗೆ ಹೇಳಿ, ಆಮೇಲೆ ಹೊಸಿಲು ದಾಟು."