ನಿಂತೇ ಆಳಿದ ಅರಸ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕೂಲಿಮಠದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಗುರುಲಿಂಗಯ್ಯನವರು. ವಿಭೂತಿ ಹಚ್ಚಿಕೊಂಡು, ಶಿವನಾಮ ಹೇಳಿ, ಆಮೇಲೆ ಇಂಥ ಕತೆ ತೆಗೆಯುತ್ತಿದ್ದರು. ದೇಹ ಕೊಟ್ಟವನಿಗೆ ದೇಹದ ಮಾತು ಮೈಲಿಗೆಯಲ್ಲ ಎಂಬುದು ಅವರ ನಂಬಿಕೆ.

ಕೆಂಚನಗಡದ ಅರಸ ವೀರಭೂಪಾಲನಿಗೆ ಕೂರುವ ಜಾಗದಲ್ಲೇ ನೋವು ಬಂತು. ಸಿಂಹಾಸನ ಇದ್ದೂ ನಿಂತೇ ಆಸ್ಥಾನ ನಡೆಸತೊಡಗಿದ. ಅರಸ ನಿಂತಾಗ ಬೇರೆಯವರು ಕೂರುವಂತಿಲ್ಲ. ಮುದಿ ಮಂತ್ರಿಗಳ ಕಾಲು ಬಾತುಕೊಂಡವು. ವಿದೂಷಕ ತಮ್ಮಣ್ಣಯ್ಯನೊಬ್ಬನಿಗೆ ಮಾತ್ರ ಅದು ಹಬ್ಬ. ಅವನಿಗೂ ಅಲ್ಲೇ ನೋವು.

ಅರಸ ಆಸ್ಥಾನವೈದ್ಯ ಚನ್ನಮಲ್ಲಪ್ಪನನ್ನು ಕರೆದು ಹೇಳಿದ: "ನಾಡಿ ಹಿಡಿ, ಗುಣ ಮಾಡು. ನನ್ನನ್ನು ಏನೂ ಕೇಳಬೇಡ. ಈ ರೋಗದ ಹೆಸರನ್ನು ಯಾರು ಬಾಯಿಬಿಟ್ಟರೂ ಗಡೀಪಾರು. ಅಮಾವಾಸ್ಯೆಯೊಳಗೆ ನಾನು ಕೂರದಿದ್ದರೆ ನಿನಗೂ ಅದೇ."

ವೈದ್ಯ ಸೀದಾ ತಮ್ಮಣ್ಣಯ್ಯನ ಮನೆಗೆ ಬಂದ. "ಮೂಲವ್ಯಾಧಿಯೋ, ಬರೀ ಸೀಳೋ, ಕೀವು ಕಟ್ಟಿದೆಯೋ, ಕೇಳದೆ ಹೇಗೆ ತಿಳಿಯಲಿ ಮಾರಾಯ? ಈ ವಯಸ್ಸಿನಲ್ಲಿ ಹೆಂಡತಿಯನ್ನು ಕಟ್ಟಿಕೊಂಡು ಯಾವ ಊರಿಗೆ ಹೋಗಲಿ?"

"ಕೇಳುವುದನ್ನು ನನ್ನನ್ನು ಕೇಳು," ಎಂದ ತಮ್ಮಣ್ಣಯ್ಯ. "ನಾಳೆ, ತುಂಬಿದ ಸಭೆಯಲ್ಲಿ. ನನ್ನ ಮಾನ ಹೇಗೂ ಹರಿದ ಪಂಚೆ. ಇನ್ನೊಂದು ತೂತಿಗೆ ಯಾರು ಹೆದರುತ್ತಾರೆ?"

ಮರುದಿನ ತಮ್ಮಣ್ಣಯ್ಯ ಕೈಮುಗಿದ. "ಪ್ರಭು, ನನ್ನ ಹಿಂಬದಿಯದೊಂದು ದೂರಿದೆ. ಹೆಸರೆತ್ತದೆ ವೈದ್ಯರಿಗೆ ಹೇಳಿಕೊಳ್ಳಲೇ?"

ಸಭೆ ಕಿಸಕ್ಕೆಂದಿತು. ಅರಸ ಕೆಮ್ಮಿ, "ಹೇಳು," ಎಂದ.

"ಬೆಳಿಗ್ಗೆ ಚೊಂಬು ಹಿಡಿದು ಹೋಗುವಾಗ ಶೂರ, ಬರುವಾಗ ನೆನೆದ ಕೋಳಿ. ಕಳ್ಳಿಮುಳ್ಳು ಕೆರೆದ ಹಾಗೆ. ಆಮೇಲೂ ಉರಿ. ಒಂದೊಂದು ದಿನ ಕೆಂಪು ಹನಿ."

"ಜ್ವರ, ಕೀವು ಇದೆಯೇ? ಗಂಟು ಕೈಗೆ ಸಿಗುತ್ತದೆಯೇ?" ಎಂದ ವೈದ್ಯ.

ತಮ್ಮಣ್ಣಯ್ಯ ತಲೆ ಕೆರೆದುಕೊಂಡ. "ಅದು ಸರಿಯಾಗಿ ನೆನಪಿಲ್ಲವಲ್ಲ."

"ಜ್ವರ ಇಲ್ಲ, ಕೀವೂ ಇಲ್ಲ," ಎಂದುಬಿಟ್ಟ ಅರಸ, ತಡೆಯಲಾರದೆ. "ಗಂಟೊಂದಿದೆ." ಆಮೇಲೆ ಸುತ್ತ ನೋಡಿ, "ಇವನಿಗೆ ಇರಬಹುದು," ಎಂದ.

ಯಾರೂ ನಗಲಿಲ್ಲ.

"ಊಟ ಹೇಗೆ?" ಎಂದು ವೈದ್ಯ ತಮ್ಮಣ್ಣಯ್ಯನನ್ನೇ ಕೇಳಿದ.

"ಖಾರದ ಚಟ್ನಿ ಬೇಕು, ಸೊಪ್ಪು ಬೇಡ. ನೀರು ಮರೆತೇ ಹೋಗುತ್ತದೆ. ಕರೆ ಬಂದರೆ ಸಭೆಯ ಮರ್ಯಾದೆಗೆ ತಡೆದುಕೊಳ್ಳುತ್ತೇನೆ. ಆಮೇಲೆ ಹೋಗಿ ತಿಣುಕುತ್ತೇನೆ."

"ಅದೂ ತಪ್ಪೇ?" ಎಂದ ಅರಸ ಮೆಲ್ಲಗೆ.

ವೈದ್ಯನಿಗೆ ಎಲ್ಲ ತಿಳಿಯಿತು. "ಸೊಪ್ಪು, ಮಜ್ಜಿಗೆ, ನೀರು ಧಾರಾಳವಾಗಿರಲಿ. ತಡೆಯಬೇಡಿ, ತಿಣುಕಬೇಡಿ. ಬಿಸಿನೀರಿನ ತೊಟ್ಟಿಯಲ್ಲಿ ಕೂರಿ. ರಕ್ತ ನಿಲ್ಲದಿದ್ದರೆ ನಾಚಿಕೆ ಬಿಟ್ಟು ನನಗೆ ತೋರಿಸಿ."

"ನೀರು ಎಷ್ಟು ಬಿಸಿ?" ಎಂದ ಅರಸ.

"ಇವರ ಚರ್ಮ ತಡೆಯುವಷ್ಟು, ಪ್ರಭು."

ಅಮಾವಾಸ್ಯೆಗೆ ಮುಂಚೆಯೇ ಅರಸ ಸಿಂಹಾಸನದಲ್ಲಿ ಕೂತ. ಮಂತ್ರಿಗಳು ಉಸ್ಸೆಂದು ಕುಸಿದರು. ವೈದ್ಯನ ಮನೆಯ ಒಲೆ ಊರಲ್ಲೇ ಉಳಿಯಿತು.

ಅರಸ ತಮ್ಮಣ್ಣಯ್ಯನನ್ನು ಕೇಳಿದ: "ಸಭೆಗೆ ಮೊದಲು ನಾನು ನಿನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಆದರೂ ನೀನು ಎಲ್ಲ ತಿಳಿದುಕೊಂಡೆ. ನಿನ್ನ ಈ ಜಾಣತನಕ್ಕೆ ಮೂಲ ಯಾವುದಯ್ಯಾ?"

"ಅದೇ, ಪ್ರಭು," ಎಂದ ತಮ್ಮಣ್ಣಯ್ಯ. "ತಲೆಯಲ್ಲಿ ಏನೂ ಇಲ್ಲ. ಇರುವುದೆಲ್ಲ ಅದೊಂದೇ. ಹೆಸರನ್ನು ನಾನು ಹೇಳಲಿಲ್ಲ, ತಾವೇ ಹೇಳಿದಿರಿ."

ಅರಸನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿದು ನಕ್ಕು, ಗಡೀಪಾರಿನ ಆಜ್ಞೆ ರದ್ದು ಮಾಡಿ, ತಮ್ಮಣ್ಣಯ್ಯನಿಗೆ ಬೂರುಗದ ಹತ್ತಿಯ ದಿಂಬೊಂದನ್ನು ಕೊಡಿಸಿದ.

ನಾಚಿಕೆಯಿಂದ ನೋವು ನುಂಗಿಕೊಂಡವರು ನಿಮ್ಮ ಕಡೆ ಯಾರಾದರೂ ಇದ್ದಾರು. ಈ ಕತೆಯನ್ನು ಅವರ ಕಿವಿಗೂ ಹಾಕಿ.